ಎಣ್ಣೆ ಬದಲು ತುಪ್ಪ, ಬೆಣ್ಣೆ, ನೆಣ: ಬೆಂಗಳೂರಿನ ಅಡುಗೆಮನೆಗೆ ಒಂದು ಸಮಗ್ರ ಮಾರ್ಗದರ್ಶಿ

ಎಣ್ಣೆ ಬಿಟ್ಟು ತುಪ್ಪಕ್ಕೆ ಬಂದೆವು ಅನ್ನುವವರು ಈಗ ಆಫೀಸು, ಪಾರ್ಕು, ಮದುವೆಮನೆ ಎಲ್ಲ ಕಡೆ ಸಿಗುತ್ತಾರೆ. ಹೆಚ್ಚಿನವರು ಮಾಡುವುದು ಇಷ್ಟೇ. ಎರಡು ಸೌಟು ಎಣ್ಣೆ ಹಾಕುತ್ತಿದ್ದ ಕಡೆ ಎರಡು ಸೌಟು ತುಪ್ಪ ಸುರಿಯುತ್ತಾರೆ. ತಿಂಗಳು ಮುಗಿಯುವುದರೊಳಗೆ ದಿನಸಿ ಬಿಲ್ಲು ಏರಿರುತ್ತದೆ, ಡಬ್ಬಿಗೆ ಹಾಕಿದ ಚಿತ್ರಾನ್ನ ಮಧ್ಯಾಹ್ನ ಮೇಣದ ಹಾಗೆ ಗಟ್ಟಿಯಾಗಿರುತ್ತದೆ, ಹೊಟ್ಟೆ ಭಾರ ಬೇರೆ. ಆಮೇಲೆ ಮತ್ತೆ ಎಣ್ಣೆ ಪಾಕೆಟ್ಟಿಗೆ ವಾಪಸ್.

ಯಾವ ಕೊಬ್ಬನ್ನು ಯಾವ ಅಡುಗೆಗೆ, ಯಾವ ಹೊತ್ತಿಗೆ, ಎಷ್ಟು ಹಾಕಬೇಕು ಅಂತ ಗೊತ್ತಿದ್ದರೆ ಎಣ್ಣೆಯ ಅರ್ಧ ಅಳತೆಯಲ್ಲೇ ಕೆಲಸ ಆಗುತ್ತದೆ. ಮಾಂಸದ ಅಡುಗೆಯಲ್ಲಂತೂ ಎಷ್ಟೋ ಸಲ ಹೊರಗಿನಿಂದ ಏನನ್ನೂ ಹಾಕಬೇಕಿಲ್ಲ. ಈ ಬರಹದಲ್ಲಿ ಬೆಣ್ಣೆ, ತುಪ್ಪ, ಕುರಿ ನೆಣ, ಹಂದಿ ನೆಣ, ಕೋಳಿ ಕೊಬ್ಬು ಎಲ್ಲವೂ ಬರುತ್ತವೆ. ಸಸ್ಯಾಹಾರಿಗಳು ತುಪ್ಪದ ಭಾಗ ಓದಿಕೊಂಡು, ನೆಣದ ಭಾಗ ಬಿಟ್ಟು, ನೇರ ‘ಒಲೆಯ ಮೇಲೆ’ ಭಾಗಕ್ಕೆ ಹೋಗಬಹುದು.

ಮೊದಲು ಅಳತೆ

ಅಂತರ್ಜಾಲದಲ್ಲಿ ‘ಎಣ್ಣೆಯೆಲ್ಲ ವಿಷ, ತುಪ್ಪವೇ ಅಮೃತ’ ಅನ್ನುವ ಮಾತು ಸಿಕ್ಕಾಪಟ್ಟೆ ಓಡಾಡುತ್ತದೆ. ಅದನ್ನು ನಾನು ಒಪ್ಪುವುದಿಲ್ಲ. ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಮಾಡುವ ಊರಿನವರು ನಾವು. ಕಡಲೆಕಾಯಿ ಎಣ್ಣೆಯನ್ನು ಬೈದುಕೊಂಡು ತಿರುಗುವುದು ನಮಗೆ ಶೋಭಿಸುತ್ತದಾ? ಗಾಣದ ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆ, ಹುಚ್ಚೆಳ್ಳೆಣ್ಣೆ, ಕುಸುಬೆ ಎಣ್ಣೆ ಇವೆಲ್ಲ ತುಪ್ಪದ ಜೊತೆಜೊತೆಗೇ ನಮ್ಮ ಅಡುಗೆಯಲ್ಲಿ ಇದ್ದವು. ನಿಜವಾಗಿ ದೂರ ಇಡಬೇಕಾದದ್ದು ವನಸ್ಪತಿ. 1937ರಲ್ಲಿ ಡಾಲ್ಡಾ ಬಂದದ್ದೇ ಬಡವರ ತುಪ್ಪ ಅಂತ. ಸಸ್ಯದ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತಿತ್ತು, ಹೃದಯಕ್ಕೆ ಅದು ಕೆಟ್ಟದ್ದು ಅನ್ನುವುದರಲ್ಲಿ ಈಗ ಅನುಮಾನವಿಲ್ಲ. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಕಾರ್ಖಾನೆಯ ಟ್ರಾನ್ಸ್ ಕೊಬ್ಬು ಶೇ. 2 ಮೀರಬಾರದು ಅಂತ ನಮ್ಮಲ್ಲೂ ನಿಯಮ ಇದೆ.

ಪ್ರಾಣಿ ಕೊಬ್ಬಿಗೂ ಮಿತಿ ಇದೆ. ತುಪ್ಪದಲ್ಲಿ ಶೇ. 60ಕ್ಕಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬು, ಅಂದರೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವ ಬಗೆಯ ಕೊಬ್ಬು. ಕುರಿ ನೆಣದಲ್ಲಿ ಹತ್ತಿರ ಹತ್ತಿರ ಅರ್ಧ, ಹಂದಿ ನೆಣದಲ್ಲಿ ಸುಮಾರು ಶೇ. 40, ಕೋಳಿ ಕೊಬ್ಬಿನಲ್ಲಿ ಸುಮಾರು ಶೇ. 30. ಕಡಲೆಕಾಯಿ ಎಣ್ಣೆಯಲ್ಲಿ ಶೇ. 20ಕ್ಕಿಂತ ಕಡಿಮೆ. ತಮಾಷೆ ಏನೆಂದರೆ ಗಿಡದಿಂದಲೇ ಬಂದ ಕೊಬ್ಬರಿ ಎಣ್ಣೆಯಲ್ಲಿ ಅದು ಶೇ. 80 ದಾಟುತ್ತದೆ, ಅಂದರೆ ಇವೆಲ್ಲಕ್ಕಿಂತ ಮೇಲೆ.

ಈ ಲೆಕ್ಕದ ಉಪಯೋಗ ಇಷ್ಟು. ದಿನಕ್ಕೆ ತಿನ್ನುವ ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇ. 10 ಮೀರದಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ. ಒಂದು ದೊಡ್ಡ ಚಮಚ ತುಪ್ಪದಲ್ಲೇ 8ರಿಂದ 9 ಗ್ರಾಂ ಬರುತ್ತದೆ. ಹಾಲು, ಮೊಸರು, ಕಾಯಿತುರಿ, ಮಾಂಸ ಇವುಗಳಿಂದ ಬರುವುದು ಬೇರೆ. ಹಾಗಾಗಿ ದೊಡ್ಡವರಿಗೆ ಎಲ್ಲ ಅಡುಗೆಯೂ ಸೇರಿ ದಿನಕ್ಕೆ ಒಂದು ದೊಡ್ಡ ಚಮಚ ಅಂತ ಇಟ್ಟುಕೊಂಡರೆ ನೆಮ್ಮದಿ. ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಇರುವವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಡಾಕ್ಟರನ್ನು ಕೇಳದೆ ಈ ಬದಲಾವಣೆಗೆ ಕೈ ಹಾಕಬೇಡಿ.

ಏನು ಕೊಳ್ಳಬೇಕು, ಏನು ಕೇಳಬೇಕು

ಮನೆಯ ಕೆನೆಯಿಂದಲೇ ತುಪ್ಪ ಮಾಡುವ ಆಸೆ ಇದ್ದರೆ ಮೊದಲು ಹಾಲಿನ ಪಾಕೆಟ್ ಓದಿ. ನಂದಿನಿಯ ನೀಲಿ ಪಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಇರುವುದು ಶೇ. 3 ಕೊಬ್ಬು. ಸಮೃದ್ಧಿ ಹಾಲಿನಲ್ಲಿ ಶೇ. 6. ಅಂದರೆ ಲೀಟರಿಗೆ ಹೆಚ್ಚೂಕಡಿಮೆ 60 ಗ್ರಾಂ, ಅದೂ ಅಷ್ಟೂ ಕೆನೆಯಾಗಿ ಕೈಗೆ ಸಿಗುವುದಿಲ್ಲ. ಪಾಕೆಟ್ ಮೇಲೆ ‘ಹೋಮೋಜಿನೈಸ್ಡ್’ ಅಂತ ಇದ್ದರೆ ಆಸೆ ಬಿಡಿ. ಆ ಹಾಲಿನಲ್ಲಿ ಕೊಬ್ಬನ್ನು ಸಣ್ಣ ಸಣ್ಣ ಕಣವಾಗಿ ಒಡೆದಿರುತ್ತಾರೆ, ಎಷ್ಟು ಕಾಯಿಸಿದರೂ ದಪ್ಪ ಕೆನೆ ಕಟ್ಟುವುದಿಲ್ಲ. ಇಬ್ಬರು ಮೂವರು ಇರುವ ಮನೆಯಲ್ಲಿ ಕೆನೆ ಕೂಡಿಡುವುದಕ್ಕಿಂತ ಅರ್ಧ ಕೆಜಿ ಉಪ್ಪಿಲ್ಲದ ಬೆಣ್ಣೆ ತಂದು ಕಾಯಿಸುವುದೇ ಸುಲಭ. ಉಪ್ಪಿರುವ ಬೆಣ್ಣೆ ಬ್ರೆಡ್ಡಿಗೆ ಸರಿ, ತುಪ್ಪಕ್ಕೆ ಬೇಡ.

ಅಂಗಡಿ ತುಪ್ಪವನ್ನೇ ಕೊಳ್ಳುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ, ಸರ್ಕಾರದ ಗುಣಮಟ್ಟದ ಮುದ್ರೆಯಾದ ಅಗ್‌ಮಾರ್ಕ್ ಗುರುತು, ತಯಾರಾದ ತಿಂಗಳು ನೋಡಿ. ಅಂಗೈಯಲ್ಲಿ ಇಟ್ಟು ಕರಗುತ್ತದಾ ನೋಡು, ಫ್ರಿಜ್ಜಿನಲ್ಲಿಟ್ಟು ಪದರ ಆಗುತ್ತದಾ ನೋಡು ಅನ್ನುವ ಮನೆ ಪರೀಕ್ಷೆಗಳಿಂದ ಕಲಬೆರಕೆ ಗೊತ್ತಾಗುವುದಿಲ್ಲ. ಕಲಬೆರಕೆಗೆ ಬಳಸುವ ಕೊಬ್ಬುಗಳೂ ಹಾಗೇ ಕರಗುತ್ತವೆ, ಹಾಗೇ ಗಟ್ಟಿಯಾಗುತ್ತವೆ. ಬಣ್ಣ ನೋಡಿ ಮೋಸ ಹೋಗಬೇಡಿ. ಹಸುವಿನ ತುಪ್ಪ ಹಳದಿ, ಎಮ್ಮೆಯದು ಬಿಳಿ, ಎರಡೂ ಒಳ್ಳೆಯದೇ. ಬೆಣ್ಣೆಯ ಬೆಲೆಗಿಂತ ಅಗ್ಗಕ್ಕೆ ತುಪ್ಪ ಕೊಡುತ್ತೇನೆ ಅಂತ ಯಾರಾದರೂ ಬಂದರೆ ಮಾತ್ರ ಯಾವ ಪರೀಕ್ಷೆಯೂ ಬೇಡ, ವಾಪಸ್ ಕಳಿಸಿ.

ನೆಣಕ್ಕೆ ಮಾಂಸದಂಗಡಿಗೇ ಹೋಗಬೇಕು. ಶಿವಾಜಿನಗರದ ರಸೆಲ್ ಮಾರ್ಕೆಟ್, ರಿಚ್ಮಂಡ್ ಟೌನಿನ ಜಾನ್ಸನ್ ಮಾರ್ಕೆಟ್, ಇಲ್ಲವೇ ನಿಮ್ಮ ಬೀದಿ ಕೊನೆಯ ಮಟನ್ ಅಂಗಡಿ, ಎಲ್ಲಾದರೂ ಸಿಗುತ್ತದೆ. ‘ನೆಣ’ ಅಂದರೂ ಸರಿ, ‘ಚರ್ಬಿ’ ಅಂದರೂ ಸರಿ, ಅರ್ಥವಾಗುತ್ತದೆ. ಭಾನುವಾರ ಬೆಳಿಗ್ಗೆ ಕ್ಯೂ ಇರುವಾಗ ಹೋಗಿ ‘ಅಣ್ಣ, ಬರೀ ನೆಣ ಅರ್ಧ ಕೆಜಿ’ ಅಂದರೆ ಅಂಗಡಿಯವರಿಗೂ ಕಿರಿಕಿರಿ, ಹಿಂದೆ ನಿಂತವರಿಗೂ ಕಿರಿಕಿರಿ. ಬುಧವಾರವೋ ಗುರುವಾರವೋ ಹೋಗಿ. ಮೇಕೆಗಿಂತ ಕುರಿಯಲ್ಲಿ ನೆಣ ಜಾಸ್ತಿ. ಕಿಡ್ನಿ ಸುತ್ತ ಇರುವ, ಬಿಳೀ, ಪುಡಿಪುಡಿಯಾಗಿ ಒಡೆಯುವ ನೆಣವನ್ನೇ ಕೇಳಿ. ಅದರಲ್ಲಿ ಮಾಂಸದ ಎಳೆ, ರಕ್ತ ಕಡಿಮೆ ಇರುತ್ತದೆ, ಹಾಗಾಗಿ ವಾಸನೆಯೂ ಕಡಿಮೆ. ಎಳೇ ಕುರಿಯದ್ದಾದರೆ ಇನ್ನೂ ಒಳ್ಳೆಯದು. ಹಳದಿಗೆ ತಿರುಗಿದ, ಮುಟ್ಟಿದರೆ ಜಿಡ್ಡು ಅಂಟುವ, ಹಳೇ ವಾಸನೆ ಬರುವ ನೆಣ ಬೇಡವೇ ಬೇಡ.

ಬೆಣ್ಣೆ ಕಾಯಿಸಿ ತುಪ್ಪ ಮಾಡುವುದು

ತುಪ್ಪ ಕಾಯಿಸಲು ಬರುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಆದರೂ ಅರ್ಧ ಮನೆಗಳಲ್ಲಿ ತುಪ್ಪ ಒಂದೋ ಹಸಿ, ಇಲ್ಲವೋ ಸೀದದ್ದು. ಹಸಿ ಉಳಿದರೆ ಎರಡೇ ವಾರದಲ್ಲಿ ಮುಗ್ಗು ವಾಸನೆ. ಸೀದರೆ ಹೋಳಿಗೆಗೆ ಹಾಕಿದಾಗ ಕಹಿ.

1. ಅರ್ಧ ಕೆಜಿ ಬೆಣ್ಣೆಗೆ ಕನಿಷ್ಠ ಎರಡು ಲೀಟರ್ ಹಿಡಿಯುವ, ದಪ್ಪ ತಳದ ಪಾತ್ರೆ ತೆಗೆದುಕೊಳ್ಳಿ. ನೊರೆ ಎರಡು ಸಲ ಏರುತ್ತದೆ. ಸಣ್ಣ ಪಾತ್ರೆಯಾದರೆ ಉಕ್ಕಿ ಸ್ಟವ್ ಮೇಲೆ ಬೆಂಕಿ ಹತ್ತಿಕೊಳ್ಳಬಹುದು.

2. ಮನೆಯ ಕೆನೆ ಕಡೆದ ಬೆಣ್ಣೆಯಾದರೆ ತಣ್ಣೀರಿನಲ್ಲಿ ಮೂರು ನಾಲ್ಕು ಸಲ ತೊಳೆಯಿರಿ, ನೀರು ತಿಳಿಯಾಗುವವರೆಗೆ. ಮಜ್ಜಿಗೆ ಉಳಿದಷ್ಟೂ ಗಸಿ, ಅಂದರೆ ತಳದಲ್ಲಿ ಕೂರುವ ಹಾಲಿನ ಅಂಶ, ಜಾಸ್ತಿ. ಅಂಗಡಿ ಬೆಣ್ಣೆಗೆ ಈ ಕೆಲಸ ಇಲ್ಲ.

3. ಮಧ್ಯಮ ಉರಿಯಲ್ಲಿ ಕರಗಿಸಿ. ಬೆಣ್ಣೆಯಲ್ಲಿ ಶೇ. 80ರಷ್ಟು ಕೊಬ್ಬು, ಉಳಿದದ್ದರಲ್ಲಿ ಬಹುಪಾಲು ನೀರು. ಮೊದಲ ಹತ್ತು ಹನ್ನೆರಡು ನಿಮಿಷ ನಡೆಯುವುದು ಆ ನೀರು ಆವಿಯಾಗುವ ಕೆಲಸ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ ಇರುವುದರಿಂದ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅಷ್ಟು ಹೊತ್ತೂ ಪಾತ್ರೆಯ ಬಿಸಿ ಅಲ್ಲೇ ನಿಂತಿರುತ್ತದೆ, ಸೀಯುವ ಭಯ ಇಲ್ಲ. ದೊಡ್ಡ ಗುಳ್ಳೆ, ಚಟಪಟ ಸದ್ದು, ಬಿಳಿ ನೊರೆ.

4. ಸದ್ದು ತಗ್ಗಿತು ಅಂದರೆ ನೀರು ಮುಗಿಯಿತು ಅಂತ ಅರ್ಥ. ಇಲ್ಲಿಂದ ಬಿಸಿ ಸರಸರ ಏರುತ್ತದೆ. ಉರಿ ಪೂರ್ತಿ ಸಣ್ಣ ಮಾಡಿ, ಪಾತ್ರೆ ಬಿಟ್ಟು ಕದಲಬೇಡಿ. ಫೋನ್ ಬಂದರೂ ಎತ್ತಬೇಡಿ. ನೊರೆಯನ್ನು ಚಮಚದಲ್ಲಿ ಪಕ್ಕಕ್ಕೆ ಸರಿಸಿ ತಳ ನೋಡುತ್ತಿರಿ. ಮೊದಲು ತಳದ ಗಸಿ ಬೆಳ್ಳಗೆ ಇರುತ್ತದೆ, ಆಮೇಲೆ ಕೆನೆ ಬಣ್ಣ, ಆಮೇಲೆ ಹುರಿಗಡಲೆಯ ಬಣ್ಣ. ಮೇಲಿನ ತುಪ್ಪ ಮಬ್ಬು ಬಿಟ್ಟು ತಿಳಿಯಾಗುತ್ತದೆ. ಎರಡನೇ ಸಲ ನೊರೆ ಏರುತ್ತದೆ, ಈ ಸಲ ಗುಳ್ಳೆ ತೀರಾ ಸಣ್ಣವು, ಸದ್ದೂ ಇರುವುದಿಲ್ಲ.

5. ಈ ಎರಡನೇ ನೊರೆ ಕಂಡ ತಕ್ಷಣ ವೀಳ್ಯದೆಲೆಯೋ ಒಂದು ಹಿಡಿ ನುಗ್ಗೆಸೊಪ್ಪೋ ಹಾಕಿ ಉರಿ ಆರಿಸಿ. ಎಲೆಯಲ್ಲಿರುವ ನೀರು ಸಿಡಿಯುತ್ತದೆ, ಒರೆಸಿ ಒಣಗಿಸಿಕೊಂಡೇ ಹಾಕಿ. ಗಸಿ ಹುರಿಗಡಲೆಯ ಬಣ್ಣ ಇದ್ದಾಗಲೇ ಆರಿಸಬೇಕು. ಪಾತ್ರೆಯಲ್ಲಿ ಉಳಿದ ಬಿಸಿಗೇ ಅದು ಇನ್ನೊಂದು ಸುತ್ತು ಕೆಂಪಾಗುತ್ತದೆ. ಕಂದು ಬಣ್ಣ ಬರಲಿ ಅಂತ ಕಾದರೆ ಸೀದು ಹೋಗುತ್ತದೆ.

6. ಐದು ನಿಮಿಷ ಬಿಟ್ಟು, ಪೂರ್ತಿ ಒಣಗಿದ ಸ್ಟೀಲ್ ಡಬ್ಬಿಗೆ ಸೋಸಿ. ಆರುವ ತನಕ ಮುಚ್ಚಳ ಹಾಕಬೇಡಿ, ಆವಿ ನೀರಾಗಿ ಒಳಗೇ ಬೀಳುತ್ತದೆ.

ಅರ್ಧ ಕೆಜಿ ಬೆಣ್ಣೆಗೆ 400 ಗ್ರಾಂ ಹತ್ತಿರ ತುಪ್ಪ ಬರುತ್ತದೆ. ಹರಳು ಹರಳಾದ ತುಪ್ಪ ಬೇಕು ಅಂದರೆ ಫ್ರಿಜ್ಜಿಗೆ ಇಡದೆ, ಹೊರಗೇ ಒಂದು ಕಡೆ ಅಲುಗಾಡಿಸದೆ ನಿಧಾನ ಆರಲು ಬಿಡಿ. ಬೇಗ ತಣ್ಣಗಾದರೆ ನುಣ್ಣಗೆ ಹೆಪ್ಪುಗಟ್ಟುತ್ತದೆ, ನಿಧಾನ ತಣ್ಣಗಾದರೆ ಹರಳು ದೊಡ್ಡದಾಗುತ್ತದೆ. ತಳದ ಗಸಿಗೆ ಬೆಲ್ಲ ಕಲಸಿ ಮಕ್ಕಳಿಗೆ ಕೊಡುವುದು ಹಳೇ ರೂಢಿ, ಚಪಾತಿ ಹಿಟ್ಟಿಗೆ ಹಾಕಿ ಕಲಸಿದರೂ ಚೆನ್ನ. ನುಗ್ಗೆಸೊಪ್ಪು ಗರಿಗರಿ ಆಗಿರುತ್ತದೆ. ಅದು ಬಿಸಿ ಅನ್ನಕ್ಕೆ ಒಂದು ಚಿಟಿಕೆ ಉಪ್ಪಿನ ಜೊತೆ. ಸಾಮಾನ್ಯವಾಗಿ ಕಾಯಿಸಿದವರಿಗೇ ಸೇರುತ್ತದೆ, ಬೇರೆಯವರ ತಟ್ಟೆ ತನಕ ಹೋಗುವುದಿಲ್ಲ.

ಕುರಿ ನೆಣ ಕರಗಿಸುವುದು

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಮಟನ್ ಅಂಗಡಿಯಲ್ಲಿ ‘ನೆಣ ಎಲ್ಲಾ ತೆಗೆದುಬಿಡಿ’ ಅಂತ ಹೇಳಿ, ಮನೆಗೆ ಬಂದು ಅದೇ ಮಾಂಸಕ್ಕೆ ಅರ್ಧ ಲೋಟ ರಿಫೈಂಡ್ ಎಣ್ಣೆ ಸುರಿಯುವುದು ಇದೇ ಕಥೆ ಅಲ್ವಾ? ಒಂದು ಕೆಜಿ ಮಟನ್‌ಗೆ ಅಂಗೈಯಗಲದಷ್ಟು ನೆಣ ಬಿಡಿಸಿಕೊಂಡು ಬಂದರೆ ಆ ಸಾರಿಗೆ ಎಣ್ಣೆಯೇ ಬೇಡ. ಬನ್ನೂರು ಕುರಿಗೆ ಹೆಸರು ಬಂದಿರುವುದೂ ಮಾಂಸದ ಎಳೆಗಳ ನಡುವೆಯೇ ಹರಡಿರುವ ನೆಣದಿಂದ.

ಡಬ್ಬಿಯಲ್ಲಿ ತುಂಬಿಡಲು ಬೇಕು ಅಂದರೆ ಹೀಗೆ ಮಾಡಿ. ಅರ್ಧ ಕೆಜಿ ನೆಣವನ್ನು ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಗಟ್ಟಿಯಾದರೆ ಚಾಕುವಿಗೆ ಜಾರದೆ ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಲು ಬರುತ್ತದೆ. ಮೇಲಿನ ತೆಳು ಪೊರೆ, ರಕ್ತದ ಕಲೆ ಇದ್ದರೆ ಕಿತ್ತು ಹಾಕಿ. ಕೆಟ್ಟ ವಾಸನೆ ಹುಟ್ಟುವುದು ಹೆಚ್ಚಾಗಿ ಅಲ್ಲಿಂದಲೇ.

ದಪ್ಪ ತಳದ ಬಾಣಲೆಗೆ ನೆಣ, ಅರ್ಧ ಲೋಟ ನೀರು, ಚಿಟಿಕೆ ಅರಿಶಿನ, ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಚೂರು ಚಕ್ಕೆ. ನೀರು ಯಾಕೆ ಅಂದರೆ, ಶುರುವಿನಲ್ಲಿ ಕರಗಿದ ಕೊಬ್ಬು ಇಲ್ಲದಿರುವಾಗ ಚೂರುಗಳು ತಳ ಹಿಡಿಯುತ್ತವೆ. ನೀರು ಅದನ್ನು ತಡೆದು, ತಾನು ಆವಿಯಾಗಿ ಹೋಗುತ್ತದೆ. ಸಣ್ಣ ಉರಿ, ಆಗಾಗ ಕೈಯಾಡಿಸುವುದು. ನಲವತ್ತು ನಿಮಿಷದಿಂದ ಒಂದು ಗಂಟೆ ಹಿಡಿಯುತ್ತದೆ. ಚೂರುಗಳು ಚಿಕ್ಕದಾಗಿ, ಹೊಂಬಣ್ಣಕ್ಕೆ ಬಂದು, ಕೊಬ್ಬು ತಿಳಿಯಾದಾಗ ಆರಿಸಿ, ಜಾಲರಿಯ ಮೇಲೆ ಬಿಳಿ ಬಟ್ಟೆ ಹಾಸಿ ಸೋಸಿ. ಕಿಡ್ನಿ ಸುತ್ತಲಿನ ನೆಣವಾದರೆ 300 ಗ್ರಾಂ ಮೇಲೆಯೇ ಸಿಗುತ್ತದೆ. ಆರಿದ ಮೇಲೆ ಬೆಳ್ಳಗೆ ಗಟ್ಟಿಯಾಗುತ್ತದೆ.

ಉಳಿದ ಗರಿಗರಿ ಚೂರನ್ನು ಎಸೆಯಬೇಡಿ. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕುಟ್ಟಿದ ಮೆಣಸು ಹಾಕಿ ಹುರಿದರೆ ಮುದ್ದೆ ಉಪ್ಸಾರಿನ ಪಕ್ಕಕ್ಕೆ ಅದೇ ಸಾಕು.

ಅಪಾರ್ಟ್‌ಮೆಂಟಿನವರಿಗೆ ಒಂದು ಮಾತು. ಈ ಕೆಲಸದ ವಾಸನೆ ಪಕ್ಕದ ಮನೆಗೂ ಹೋಗುತ್ತದೆ. ಚಿಮಣಿ ಹಾಕಿ, ಕಿಟಕಿ ತೆಗೆದು, ಒಗೆದ ಬಟ್ಟೆಯನ್ನು ಬಾಲ್ಕನಿಯಿಂದ ಒಳಗೆ ತಂದುಕೊಂಡು ಶುರು ಮಾಡಿ. ‘ವೆಜ್ ಅಲ್ವಾ?’ ಅಂತ ಕೇಳಿಯೇ ಮನೆ ಬಾಡಿಗೆಗೆ ಕೊಡುವ ಊರು ಇದು, ಓನರ್ ಮೇಲಿನ ಮಹಡಿಯಲ್ಲೇ ಇದ್ದರೆ ನಿಮ್ಮ ವಿವೇಚನೆ.

ಹಂದಿ, ಕೋಳಿ

ಹಂದಿ ನೆಣ ಕರಗಿಸುವ ಕ್ರಮವೂ ಇದೇ. ಬೆನ್ನಿನ ಮೇಲಿನ ನೆಣ ಕೇಳಿ, ಚರ್ಮ ತೆಗೆಸಿಕೊಳ್ಳಿ, ಉರಿ ಇನ್ನೂ ಸಣ್ಣದಿರಲಿ. ಕೆಂಪಗಾಗುವವರೆಗೆ ಬಿಡದೆ ಚೂರು ತಿಳಿ ಹಳದಿ ಇರುವಾಗಲೇ ಸೋಸಿದರೆ ವಾಸನೆಯೇ ಇಲ್ಲದ ಬಿಳೀ ಕೊಬ್ಬು ಸಿಗುತ್ತದೆ. ರೊಟ್ಟಿ, ಪರೋಟ, ಬಿಸ್ಕತ್ತಿನ ಹಿಟ್ಟಿಗೆ ಅದು ಹೇಳಿ ಮಾಡಿಸಿದ್ದು. ಕುರಿ ನೆಣದಷ್ಟು ಗಟ್ಟಿ ಆಗುವುದಿಲ್ಲ, ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ.

ಆದರೆ ಹಂದಿಯ ವಿಷಯದಲ್ಲಿ ಕರಗಿಸಿ ಡಬ್ಬಿಗೆ ತುಂಬುವುದಕ್ಕಿಂತ ಕೊಡವರ ದಾರಿ ಜಾಣತನದ್ದು. ಪಂದಿ ಕರಿಗೆ ನೆಣ ಸಮೇತ ತುಂಡು ಮಾಡಿದ ಮಾಂಸವನ್ನು ತಣ್ಣನೆಯ ಪಾತ್ರೆಗೆ ಹಾಕಿ, ಅರಿಶಿನ, ಉಪ್ಪು, ಖಾರದ ಪುಡಿ ಸವರಿ, ಸಣ್ಣ ಉರಿಯಲ್ಲಿಡಿ. ಹತ್ತು ಹದಿನೈದು ನಿಮಿಷಕ್ಕೆ ಮಾಂಸ ತನ್ನ ನೀರು ಬಿಟ್ಟು, ಆಮೇಲೆ ತನ್ನ ನೆಣ ಬಿಡುತ್ತದೆ. ಆ ನೆಣದಲ್ಲೇ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ ಬೇಯುತ್ತವೆ. ಕೊನೆಗೆ ಹುರಿದು ಕುಟ್ಟಿದ ಮಸಾಲೆ, ಕಾಚಂಪುಳಿ ಅನ್ನುವ ಕೊಡಗಿನ ಕಪ್ಪು ಹುಳಿ. ಕಾಚಂಪುಳಿಯ ಹುಳಿ ನೆಣದ ಭಾರವನ್ನು ಕಡಿಯುತ್ತದೆ. ಇದೇ ಬುದ್ಧಿಯನ್ನು ಬೇರೆ ಕಡೆಯೂ ಬಳಸಿ: ಕೊಬ್ಬು ಜಾಸ್ತಿ ಇರುವ ಅಡುಗೆಗೆಲ್ಲ ಕೊನೆಯಲ್ಲಿ ಹುಣಸೆಯೋ ನಿಂಬೆಯೋ ಬೇಕು.

ಕೋಳಿಯಲ್ಲಿ ಫಾರಂ ಕೋಳಿಯ ಕೊಬ್ಬು ಮಂಕು, ರುಚಿಯೂ ಅಷ್ಟಕ್ಕಷ್ಟೆ. ನಾಟಿ ಕೋಳಿಯ ಹೊಟ್ಟೆಯೊಳಗೆ ಹಳದಿ ಕೊಬ್ಬಿನ ಉಂಡೆ ಇರುತ್ತದೆ. ಅಂಗಡಿಯವರು ಕರುಳಿನ ಜೊತೆ ಅದನ್ನೂ ಬುಟ್ಟಿಗೆ ಎಸೆಯುತ್ತಾರೆ, ಮೊದಲೇ ಹೇಳಿ ಇಟ್ಟುಕೊಳ್ಳಿ. ಅರಿಶಿನ ಹಚ್ಚಿ ಚರ್ಮ ಸಮೇತ ಸುಟ್ಟು ಕೊಡಿ ಅಂತ ಕೇಳಿ. ಸಾರಿಗೆ ಒಗ್ಗರಣೆ ಹಾಕುವಾಗ ಮೊದಲು ಈ ಕೊಬ್ಬಿನ ಚೂರು ಬಾಣಲೆಗೆ ಬಿದ್ದು ಕರಗಲಿ, ಆಮೇಲೆ ಸಾಂಬಾರ ಈರುಳ್ಳಿ. ಸಾರಿನ ಮೇಲೆ ತೇಲುವ ಹಳದಿ ಜಿಡ್ಡಿಗೇ ಮುದ್ದೆ ಅದ್ದಿ ತಿನ್ನುವವರು ಇದ್ದಾರೆ. ನಾನೂ ಅವರ ಪೈಕಿ.

ಒಲೆಯ ಮೇಲೆ: ಯಾವುದು, ಯಾವಾಗ

ಬೆಣ್ಣೆ ಸುಮಾರು 150 ಡಿಗ್ರಿಗೇ ಕಪ್ಪಗಾಗಲು ಶುರುವಾಗುತ್ತದೆ, ಅದರಲ್ಲಿರುವ ಹಾಲಿನ ಅಂಶ ಸೀಯುವುದರಿಂದ. ಅದೇ ಅಂಶವನ್ನು ಗಸಿಯಾಗಿ ತೆಗೆದುಬಿಟ್ಟರೆ ತುಪ್ಪ 250 ಡಿಗ್ರಿ ಹತ್ತಿರದ ತನಕ ಹೊಗೆಯಾಡುವುದಿಲ್ಲ. ಹಂದಿ ನೆಣ 190ರ ಆಸುಪಾಸು, ಕುರಿ ನೆಣ ಅದಕ್ಕಿಂತ ಕೊಂಚ ಮೇಲೆ. ಹಾಗಾಗಿ ಬೆಣ್ಣೆಯನ್ನು ಮೇಲೆ ಹಾಕಬೇಕು, ತುಪ್ಪವನ್ನು ಕೆಳಗೂ ಹಾಕಬಹುದು.

ದೋಸೆಯನ್ನೇ ನೋಡಿ. ದಾವಣಗೆರೆ ಬೆಣ್ಣೆ ದೋಸೆಯಾಗಲಿ, ಮಲ್ಲೇಶ್ವರ ಬಸವನಗುಡಿಯ ಹಳೇ ಹೋಟೆಲುಗಳ ಮಸಾಲೆ ದೋಸೆಯಾಗಲಿ, ಕಾದ ಕಾವಲಿಗೆ ನೇರ ಬೆಣ್ಣೆ ಹಾಕುವುದಿಲ್ಲ. ಕಾವಲಿಗೆ ನೀರು ಚಿಮುಕಿಸಿ ಒರೆಸಿ, ಹಿಟ್ಟು ಹುಯ್ದು, ಮೇಲ್ಭಾಗದ ಹಸಿ ಹೊಳಪು ಹೋದ ಮೇಲೆ ಬೆಣ್ಣೆ. ಕರಗಿದ ಬೆಣ್ಣೆ ದೋಸೆಯ ತೂತುಗಳಲ್ಲಿ ಇಳಿದು ತಳಕ್ಕೆ ತಲುಪುವ ಹೊತ್ತಿಗೆ ಅಲ್ಲಿ ಹಿಟ್ಟು ಗಟ್ಟಿಯಾಗಿರುತ್ತದೆ. ಗರಿ ಬರುವುದು ಆಗ. ಮೊದಲೇ ಹಾಕಿದರೆ ಕಾವಲಿಯ ಮೇಲೆ ಕಪ್ಪು ಚುಕ್ಕೆ, ಹಿಟ್ಟು ಸೌಟಿಗೇ ಅಂಟಿಕೊಂಡು ಬರುತ್ತದೆ. ಮನೆಯಲ್ಲಿ ಒಂದು ದೋಸೆಗೆ ಒಂದು ಟೀ ಚಮಚ ಸಾಕು. ಹೋಟೆಲಿನಲ್ಲಿ ಎಷ್ಟು ಹಾಕುತ್ತಾರೆ ಅಂತ ಕೇಳಬೇಡಿ, ತಿಂದು ಬನ್ನಿ.

ಒಗ್ಗರಣೆಗೆ ತುಪ್ಪದ ಬಳಕೆಯಲ್ಲಿ ಒಂದು ಗುಟ್ಟಿದೆ. ತುಪ್ಪದ ಘಮ ಬಿಸಿಗೆ ಹಾರಿಹೋಗುತ್ತದೆ. ಪಲ್ಯಕ್ಕೆ ಶುರುವಿನಲ್ಲೇ ತುಪ್ಪ ಹಾಕಿ ಹದಿನೈದು ನಿಮಿಷ ಹುರಿದರೆ ಜಿಡ್ಡು ಉಳಿಯುತ್ತದೆ, ಘಮ ಉಳಿಯುವುದಿಲ್ಲ. ತಿಳಿಸಾರು, ತಂಬುಳಿ, ಖಾರಾ ಪೊಂಗಲ್, ಬಿಸಿಬೇಳೆ ಭಾತ್ ಇವುಗಳಿಗೆ ಕೊನೆಯಲ್ಲಿ ಸಣ್ಣ ಸೌಟಿನಲ್ಲಿ ತುಪ್ಪ ಕಾಯಿಸಿ, ಸಾಸಿವೆ, ಜೀರಿಗೆ, ಇಂಗು, ಕರಿಬೇವು ಹಾಕಿ ಮೇಲೆ ಸುರಿಯಿರಿ. ನಾಲ್ಕು ಜನರ ಸಾರಿಗೆ ಎರಡು ಟೀ ಚಮಚ. ಇಂಗು ಕೊಬ್ಬಿನಲ್ಲೇ ಅರಳುವುದು, ಅದನ್ನು ನೇರ ಸಾರಿಗೆ ಉದುರಿಸಿದರೆ ಅರ್ಧ ದಂಡ. ಖಾರಾ ಪೊಂಗಲ್ಲಿಗೆ ಮಾತ್ರ ಜಿಪುಣತನ ಬೇಡ.

ಮಟನ್ ಸಾರಿಗೆ ಮಿಲಿಟರಿ ಹೋಟೆಲಿನ ದಾರಿ ಹಿಡಿಯಿರಿ. ಕುಕ್ಕರ್ ಕಾಯುವ ಮುಂಚೆಯೇ ನೆಣದ ಚೂರು ಹಾಕಿ, ಸಣ್ಣ ಉರಿಯಲ್ಲಿ ಎರಡು ಮೂರು ಚಮಚ ಕೊಬ್ಬು ಬಿಡುವ ತನಕ ಕಾಯಿರಿ. ಆಮೇಲೆ ಈರುಳ್ಳಿ, ಆಮೇಲೆ ಮಾಂಸ, ಕೊನೆಗೆ ರುಬ್ಬಿದ ಮಸಾಲೆ. ಡಿಸೆಂಬರ್ ಜನವರಿಯಲ್ಲಿ ಸೊಗಡಿನ ಅವರೆಕಾಳು ಬಂದಾಗ ಇದೇ ಸಾರಿಗೆ ಕಾಳು ಸೇರಿಸಿ. ಅವರೆಯ ಸೊಗಡಿಗೂ ನೆಣಕ್ಕೂ ಎಂಥಾ ಜೋಡಿ! ಅದಕ್ಕೆ ಎಣ್ಣೆ ಹಾಕಿ ಮಾಡಿದವರನ್ನು ಕಂಡರೆ ಬೇಜಾರಾಗುತ್ತದೆ. ದೊನ್ನೆ ಬಿರಿಯಾನಿಗಾದರೆ ಅರ್ಧ ನೆಣ, ಅರ್ಧ ತುಪ್ಪ. ನೆಣ ಮಸಾಲೆ ಹುರಿಯಲು, ತುಪ್ಪ ದಮ್ಮಿಗೆ ಇಡುವ ಮುಂಚೆ ಅಕ್ಕಿಯ ಮೇಲೆ.

ಕುರಿ ನೆಣದ ಅಡುಗೆಯನ್ನು ಬಿಸಿಬಿಸಿ ತಿನ್ನಬೇಕು, ಇದರಲ್ಲಿ ರಾಜಿ ಇಲ್ಲ. ತುಪ್ಪ ನಾಲಿಗೆಯ ಬಿಸಿಗೇ ಕರಗುತ್ತದೆ. ಕುರಿ ನೆಣ ಕರಗಲು 40 ಡಿಗ್ರಿ ಮೇಲೆ ಬೇಕು, ಬಾಯಿಯ ಬಿಸಿ ಅಷ್ಟಿರುವುದಿಲ್ಲ. ಆರಿದ ಸಾರು ತಿಂದರೆ ಅಂಗುಳಕ್ಕೆ ಮೇಣ ಸವರಿದ ಹಾಗೆ ಆಗುವುದು ಇದಕ್ಕೇ.

ಚಕ್ಕುಲಿ, ನಿಪ್ಪಟ್ಟು, ಕೋಡುಬಳೆಗೆ ಹಿಟ್ಟಿನೊಳಗೆ ಬೆಣ್ಣೆ ಬೇಕು. ಅರ್ಧ ಕೆಜಿ ಅಕ್ಕಿಹಿಟ್ಟಿಗೆ 50 ಗ್ರಾಂ ಬೆಣ್ಣೆ, ನೀರು ಹಾಕುವ ಮುಂಚೆ, ಬೆರಳ ತುದಿಯಲ್ಲಿ ಉಜ್ಜಿ ಬೆರೆಸಿ. ಹಿಡಿದರೆ ಉಂಡೆ ಆಗಬೇಕು, ಒತ್ತಿದರೆ ಪುಡಿಯಾಗಬೇಕು. ಬೆಣ್ಣೆ ಜಾಸ್ತಿಯಾದರೆ ಕಾದ ಬಾಣಲೆಯಲ್ಲೇ ಬಿಚ್ಚಿಕೊಳ್ಳುತ್ತದೆ.

ಕರಿಯುವುದಕ್ಕೆ? ಪೂರಿ, ಬಜ್ಜಿಗೆ ಬೇಕಾದದ್ದು 180 ಡಿಗ್ರಿ. ತುಪ್ಪ, ಕುರಿ ನೆಣ ಎರಡೂ ತಡೆಯುತ್ತವೆ. ಹಂದಿ ನೆಣ ಅಂಚಿನಲ್ಲಿ ಇರುತ್ತದೆ, ಉರಿಯ ಮೇಲೆ ಕಣ್ಣಿಡಬೇಕು. ಆಲೂಗಡ್ಡೆಯನ್ನು ಕುರಿ ನೆಣದಲ್ಲಿ ಕರಿದು ತಿಂದವರು ಅದನ್ನು ಮರೆಯುವುದಿಲ್ಲ. ಆದರೂ ಬಾಣಲೆ ತುಂಬ ತುಪ್ಪ ಹಾಕಿ ಬಜ್ಜಿ ಕರಿಯುವುದು ದುಡ್ಡು ದಂಡ ಅನ್ನುವುದು ನನ್ನ ಅಭಿಪ್ರಾಯ. ಬಜ್ಜಿಗೆ ಕಡಲೆಕಾಯಿ ಎಣ್ಣೆಯೇ ಸರಿ. ಯಾವುದರಲ್ಲಿ ಕರಿದರೂ ಒಂದೆರಡು ಸಲಕ್ಕಿಂತ ಹೆಚ್ಚು ಬಳಸಬೇಡಿ. ಬೆಂಕಿ ಹತ್ತಿಕೊಂಡರೆ ಗ್ಯಾಸ್ ಆರಿಸಿ ಬಾಣಲೆಯ ಮೇಲೆ ಮುಚ್ಚಳ ಹಾಕಿ. ನೀರು ಮಾತ್ರ ಹಾಕಲೇಬಾರದು.

ಇವುಗಳಿಗೆ ಎಣ್ಣೆಯೇ

ಉಪ್ಪಿನಕಾಯಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿಗೆ ಕಲಸಿಕೊಳ್ಳುವುದು, ತಣ್ಣಗೆ ತಿನ್ನುವ ಕೋಸಂಬರಿ. ಬೆಳಿಗ್ಗೆ ಮಾಡಿ ಮಧ್ಯಾಹ್ನ ತಿನ್ನುವ ಡಬ್ಬಿ ಅಡುಗೆಯೂ ಅಷ್ಟೇ. ಅದರಲ್ಲೂ ಬೆಂಗಳೂರಿನ ಚಳಿಗಾಲದಲ್ಲಿ, ಎಸಿ ಆಫೀಸಿನಲ್ಲಿ, ತುಪ್ಪದ ಚಿತ್ರಾನ್ನ ಹೆಪ್ಪುಗಟ್ಟದೆ ಇರುವುದಿಲ್ಲ. ತುಪ್ಪದ ರುಚಿ ಬೇಕೇಬೇಕು ಅಂದರೆ ಎಣ್ಣೆಯಲ್ಲಿ ಒಗ್ಗರಣೆ ಹಾಕಿ, ಇಳಿಸುವಾಗ ಅರ್ಧ ಟೀ ಚಮಚ ತುಪ್ಪ ಬೆರೆಸಿ. ಜೀರ್ಣ ಮಂದ ಇರುವ ಹಿರಿಯರಿಗೆ ರಾತ್ರಿ ಊಟಕ್ಕೆ ನೆಣದ ಅಡುಗೆ ಬೇಡ.

ಇಡುವುದು, ಬಡಿಸುವುದು, ತೊಳೆಯುವುದು

ಸರಿಯಾಗಿ ಕಾದ ತುಪ್ಪ ಹೊರಗೇ ತಿಂಗಳುಗಟ್ಟಲೆ ಇರುತ್ತದೆ, ಚಮಚ ಒಣಗಿರಬೇಕು ಅಷ್ಟೇ. ನೆಣವನ್ನು ಸಣ್ಣ ಸಣ್ಣ ಗಾಜಿನ ಜಾಡಿಗಳಿಗೆ ಹಂಚಿ ಫ್ರಿಜ್ಜಿನಲ್ಲಿಡಿ. ಕುರಿ, ಹಂದಿ ನೆಣ ಒಂದೆರಡು ತಿಂಗಳು, ಕೋಳಿ ಕೊಬ್ಬು ಎರಡು ವಾರ. ಅದಕ್ಕೂ ಜಾಸ್ತಿ ದಿನಕ್ಕೆ ಫ್ರೀಜರ್. ಹಳೇ ಪೇಂಟ್ ಡಬ್ಬಿಯಂಥ ವಾಸನೆ ಬಂದರೆ ಮುಲಾಜಿಲ್ಲದೆ ಎಸೆಯಿರಿ.

ಜಾಡಿಯ ಮೇಲೆ ಏನಿದೆ ಅಂತ ದೊಡ್ಡದಾಗಿ ಬರೆದಿಡಿ. ಫ್ರಿಜ್ಜಿನಲ್ಲಿ ಎಲ್ಲವೂ ಬೆಳ್ಳಗೆ ಗಟ್ಟಿಯಾಗಿರುತ್ತವೆ, ಅಡುಗೆಗೆ ಸಹಾಯಕ್ಕೆ ಬರುವವರು ಹಂದಿ ನೆಣವನ್ನು ತುಪ್ಪ ಅಂದುಕೊಂಡರೆ ತಪ್ಪು ಅವರದ್ದಲ್ಲ. ಮನೆಗೆ ಬಂದವರಿಗೆ ಬಡಿಸುವ ಮುಂಚೆ ಕೇಳಿ, ‘ಇದರಲ್ಲಿ ಹಂದಿ ನೆಣ ಇದೆ, ನಡೆಯುತ್ತದಾ?’ ಅಂತ. ರೊಟ್ಟಿಯೊಳಗೆ, ಪರೋಟದೊಳಗೆ ಸೇರಿದ ಕೊಬ್ಬು ಕಣ್ಣಿಗೆ ಕಾಣುವುದಿಲ್ಲ. ಧರ್ಮದಿಂದಲೋ ರೂಢಿಯಿಂದಲೋ ಬೇಡ ಅನ್ನುವವರಿಗೆ ಹೇಳದೆ ತಿನ್ನಿಸುವುದು ದ್ರೋಹ. ಒಂದೇ ಮನೆಯಲ್ಲಿ ಸಸ್ಯಾಹಾರಿಗಳೂ ಇದ್ದರೆ ನೆಣಕ್ಕೆ ಬೇರೆ ಬಾಣಲೆ, ಬೇರೆ ಸೌಟು ಇಟ್ಟುಬಿಡಿ.

ಕೊನೆಗೆ ಸಿಂಕು. ಬಿಸಿ ನೆಣವನ್ನು ಯಾವ ಕಾರಣಕ್ಕೂ ಅದರೊಳಗೆ ಸುರಿಯಬೇಡಿ. ಪೈಪಿನ ಬಾಗಿದ ಕಡೆ ತಣ್ಣಗಾಗಿ ಗಟ್ಟಿ ಕೂರುತ್ತದೆ, ಆಮೇಲೆ ಪ್ಲಂಬರ್ ಬಂದು ಕೆಳಗಿನ ಮನೆಯವರ ಮುಂದೆ ಅದನ್ನು ಹೊರಗೆ ತೆಗೆಯುತ್ತಾನೆ. ಪಾತ್ರೆ ಇನ್ನೂ ಬೆಚ್ಚಗಿರುವಾಗಲೇ ಹಳೇ ಪೇಪರಿನಿಂದ ಜಿಡ್ಡೆಲ್ಲ ಒರೆಸಿ ಕಸಕ್ಕೆ ಹಾಕಿ. ಒಂದು ಚಮಚ ಕಡಲೆಹಿಟ್ಟು ಉದುರಿಸಿ ಉಜ್ಜಿ, ಕುದಿಯುವ ನೀರು ಹಾಕಿ ತೊಳೆಯಿರಿ. ಮಾಮೂಲಿ ಸೋಪು ಅದಾದ ಮೇಲೆ. ಕಬ್ಬಿಣದ ಕಾವಲಿಗಾದರೆ ಸೋಪೂ ಬೇಡ, ಒರೆಸಿ, ಒಂದು ಹನಿ ನೆಣ ಸವರಿ ತೆಗೆದಿಡಿ.